ಬಿದಿರು ಕೋಲು, ಹಗ್ಗದಲ್ಲಿ ಎಂಜಿನಿಯರಿಂಗ್ ಪಾಠ

1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಿಂದ ಆರಂಭವಾದ ಸ್ಕೌಟ್ ಚಳವಳಿಯಲ್ಲಿ, ಮಕ್ಕಳು ಕೈಯಾರೆ ಮಾಡಿ ಕಲಿಯುವುದಕ್ಕೆ ವಿಶೇಷ ಸ್ಥಾನವಿದೆ. ಕೋಲು, ಹಗ್ಗಗಳಿಂದ ಸೇತುವೆ, ಗೋಪುರ ಕಟ್ಟುವ ‘ಪಯೊನಿಯರಿಂಗ್’ ಇದಕ್ಕೆ ಉತ್ತಮ ಉದಾಹರಣೆ.

ನಾಲ್ಕು ಬಿದಿರು ಕೋಲುಗಳನ್ನು ಚೌಕವಾಗಿ ಕಟ್ಟಿ ಒಂದು ಮೂಲೆಯನ್ನು ತಳ್ಳಿದರೆ ಚೌಕ ವಾಲುತ್ತದೆ. ಎದುರುಬದಿರು ಮೂಲೆಗಳಿಗೆ ಅಡ್ಡವಾಗಿ ಐದನೆಯ ಕೋಲು ಬಿಗಿದರೆ ಎರಡು ತ್ರಿಕೋನಗಳಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಬದಿಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ರೈಲ್ವೆಯ ಉಕ್ಕಿನ ಸೇತುವೆಗಳಲ್ಲೂ ಇದೇ ತತ್ವವಿದೆ.

ಕಟ್ಟು ಸಡಿಲಾದರೆ ಮೇಲೆ ಹತ್ತಿದ ಮಗು ಬೀಳುತ್ತದೆ. ಆದ್ದರಿಂದ ಮಕ್ಕಳನ್ನು ಹತ್ತಿಸುವ ಮೊದಲು ಶಿಕ್ಷಕರು ಪ್ರತಿಯೊಂದು ಕಟ್ಟನ್ನೂ ಎಳೆದು ಪರೀಕ್ಷಿಸುವುದು ಅಗತ್ಯ.

ಅಥಣಿಯ ಅನಂತಪುರವಿರಲಿ, ಕರಾವಳಿಯ ಊರಿರಲಿ, ಈ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ; ಶಾಲೆಯ ಅಂಗಳ ಸಾಕು.