ಮತ ಗುಟ್ಟು, ಎಣಿಕೆ ಬಯಲು

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ ರಾಯಬಾಗದ ಕಡೆಯ ಹಳ್ಳಿಗಳಲ್ಲೂ ‘ಶಾಲಾ ಸಂಸತ್ತಿ’ನ ಚುನಾವಣೆಯ ಸಡಗರ. ಗುರುಗಳ ಮುಂದೆ ಮಕ್ಕಳು ಕೈ ಎತ್ತಿ ನಾಯಕನನ್ನು ಆರಿಸಿದರೆ, ಎಲ್ಲ ಬಯಲಲ್ಲೇ ನಡೆಯಿತಲ್ಲ ಎನ್ನಬಹುದು. ಆದರೆ ಪಕ್ಕದ ಗಟ್ಟಿಗನಿಗೆ ಅಂಜಿ ಎತ್ತಿದ ಕೈ ಮತವಾದೀತೆ? ಮತ ಗುಟ್ಟಾಗಿರಬೇಕು; ಉಳಿದದ್ದೆಲ್ಲ ಬಯಲಾಗಿರಬೇಕು.

ಬಯಲಾಗಿರಬೇಕೆಂಬ ಮಾತು ಹಳೆಯದು. ತಮಿಳುನಾಡಿನ ಉತ್ತರಮೇರೂರಿನ ಕ್ರಿ.ಶ. 919 ಮತ್ತು 921ರ ಚೋಳ ಶಾಸನಗಳು ಗ್ರಾಮಸಮಿತಿಗಳ ಆಯ್ಕೆಯನ್ನು ವಿವರಿಸುತ್ತವೆ. ಅದು ಮತದಾನವಲ್ಲ, ಚೀಟಿ ಎತ್ತುವ ಪದ್ಧತಿ. ಗಡಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗಿನದನ್ನು ಅರಿಯದ ಬಾಲಕ ಚೀಟಿ ತೆಗೆಯಬೇಕು. ಪಡೆಯುವವನು ಐದೂ ಬೆರಳು ಬಿಡಿಸಿ ಅಂಗೈ ಒಡ್ಡಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಮತ್ತೆ ಅವಕಾಶವಿಲ್ಲ.

ಕಾಲೇಜುಗಳಲ್ಲೂ ಪ್ರಶ್ನೆ ಲೆಕ್ಕದ್ದೇ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗೆ 1980ರ ದಶಕದ ಕೊನೆಗೆ ತಡೆ ಬಿತ್ತು. ಮುಂದೆ 2006ರಲ್ಲಿ ಸುಪ್ರೀಂ ಕೋರ್ಟ್ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಒಪ್ಪಿ, ದೇಶದ ಕಾಲೇಜುಗಳಲ್ಲಿ ಜಾರಿಗೊಳಿಸಲು ಹೇಳಿತು. ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ. ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಸಲ್ಲಿಕೆ. ದೂರು ಕೇಳಲು ಪ್ರತ್ಯೇಕ ಘಟಕ—ಇವು ಅದರ ಮುಖ್ಯ ಅಂಶಗಳು.

ಹಳ್ಳಿಯ ಶಾಲೆಗೆ ಇಷ್ಟೆಲ್ಲ ಬೇಕಿಲ್ಲ. ಮೊದಲು ಖಾಲಿ ಡಬ್ಬಿಯನ್ನು ಎಲ್ಲರಿಗೂ ತೋರಿಸಲಿ. ಮತ ಹಾಕುವಲ್ಲಿ ಒಂದು ಮರೆ ಇರಲಿ. ಎಣಿಸುವಾಗ ಒಂದೊಂದೇ ಚೀಟಿ ಬಿಡಿಸಿ, ಗಟ್ಟಿಯಾಗಿ ಓದಿ, ಕರಿಹಲಗೆಯ ಮೇಲೆ ಗೆರೆ ಎಳೆಯಲಿ. ಗೆದ್ದವರು ಹೇಗೂ ಫಲಿತಾಂಶ ಒಪ್ಪುತ್ತಾರೆ. ಸೋತ ಹುಡುಗಿಯೂ ಆ ಗೆರೆಗಳನ್ನು ತಾನೇ ಎಣಿಸಿ ‘ಸರಿ’ ಎಂದರೆ, ಅದೇ ನಿಜವಾದ ಚುನಾವಣೆ.