ಅಪ್ಪನ ಗಾಳ

ಪುಣೆಯಲ್ಲಿ ಮೊದಲ ಮಳೆಗೆ ಕರೆಂಟ್ ಹೋದರೆ ಅಕ್ಕಪಕ್ಕದವರು ಬೈಯುತ್ತಾರೆ. ನನಗೆ ಅಪ್ಪ ನೆನಪಾಗುತ್ತಾರೆ. ತೀರ್ಥಹಳ್ಳಿ ಕಡೆ ಅವರು ಲೈನ್‌ಮನ್. ಮರ ಬಿದ್ದು ತಂತಿ ಹರಿದರೆ ಸುರಿಯುವ ಮಳೆಯಲ್ಲೇ ಹೊರಡುತ್ತಿದ್ದರು. 'ಲೈನ್ ಆಫ್ ಆಗಿದೆ ಅಂತ ಯಾರೋ ಹೇಳಿದರೆ ಸಾಲದು, ಅರ್ಥ್ ಮಾಡಿಯೇ ಮುಟ್ಟಬೇಕು' ಎನ್ನುತ್ತಿದ್ದರು.

ಹುಡುಗನಾಗಿದ್ದಾಗ ಅಜ್ಜನ ಜತೆ ಹಂದಿ ಶಿಕಾರಿಗೆ ಹೋದವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೋವಿ ಗೋಡೆ ಸೇರಿತು, ಶಿಕಾರಿ ಕತೆಗಳಷ್ಟೇ ಉಳಿದವು. ಗಾಳ ಮಾತ್ರ ಕೈಬಿಡಲಿಲ್ಲ. ಮುಂಗಾರಿನಲ್ಲಿ ಹೊಳೆಯಿಂದ ಗದ್ದೆಗೆ ಹತ್ತುಮೀನು ಬಂತೆಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಬೇಸಿಗೆಯಲ್ಲಿ ತುಂಗೆಯ ದಂಡೆಯಲ್ಲಿ ಟಾರ್ಪಾಲು ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿ, ಮೀನುಸಾರು ಉಂಡು ಅಲ್ಲೇ ಮಲಗುತ್ತಿದ್ದರು.

'ಈ ಸಲ ನೀನೂ ಬಾರೋ' ಎಂದು ಪ್ರತಿ ವರ್ಷ ಕರೆದರು. ರಜೆ ಇಲ್ಲ ಎಂದು ಪ್ರತಿ ವರ್ಷ ಹೇಳಿದೆ. ಹೋದ ವರ್ಷ ಅವರು ತೀರಿಕೊಂಡಾಗ ಮಾತ್ರ ಹದಿಮೂರು ದಿನ ರಜೆ ಸಿಕ್ಕಿತು.

ಈ ಬೇಸಿಗೆಗೆ ಈಗಲೇ ರಜೆ ಹಾಕಿದ್ದೇನೆ. ಮಗಳಿಗೆ ಗಾಳಕ್ಕೆ ಎರೆಹುಳು ಸಿಕ್ಕಿಸುವುದನ್ನು ಕಲಿಯಬೇಕಂತೆ. ನನಗೇ ಸರಿಯಾಗಿ ಬರುವುದಿಲ್ಲ. ನಿಮ್ಮನ್ನು ಊರಿನಿಂದ ಯಾರಾದರೂ ಕರೆಯುತ್ತಿದ್ದರೆ, ಹೋಗಿ ಬನ್ನಿ.