ಕೆಂಪು ಮಣ್ಣಿನಲ್ಲಿ ಒಂದು ದುಡಿಮೆ

1959ರಲ್ಲಿ ದಿಲ್ಲಿಯಲ್ಲಿ ‘ಹಿಂದ್ ಕೇಸರಿ’ ಬಿರುದಿಗಾಗಿ ನಡೆದ ಕುಸ್ತಿಯಲ್ಲಿ ಪಂಜಾಬಿನ ಬಂತಾಸಿಂಗ್ ಅವರನ್ನು ಸೋಲಿಸಿದವರು ಶ್ರೀಪತಿ ಖಂಚನಾಳೆ. ದೇಶಕ್ಕೆ ಅವರು ಕೊಲ್ಲಾಪುರದ ಪೈಲ್ವಾನರೆಂದೇ ಪರಿಚಿತರು. ಮಹಾರಾಷ್ಟ್ರದ ಕುಸ್ತಿಪ್ರಿಯರು ಮೊದಲ ಹಿಂದ್ ಕೇಸರಿ ಎಂದು ಅವರನ್ನು ನೆನೆಯುತ್ತಾರೆ. ಆದರೆ 1934ರಲ್ಲಿ ಅವರು ಹುಟ್ಟಿದ್ದು ನಮ್ಮ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ. ಗೆದ್ದ ವರ್ಷ ಯಕ್ಸಂಬಾ ಮೈಸೂರು ರಾಜ್ಯದಲ್ಲಿತ್ತು, ಅವರು ತಾಲೀಮು ಮಾಡಿದ ಕೊಲ್ಲಾಪುರ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ನಡುವೆ ಬಿದ್ದ ಗೆರೆಯನ್ನು ಕುಸ್ತಿ ಕಣ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಪೈಲ್ವಾನ ಎಂದರೆ ಗೌರವದ ಮಾತು. ಆತ ನಡೆದು ಬಂದರೆ ಜನ ದಾರಿ ಬಿಡುತ್ತಾರೆ. ಆದರೆ ಈ ಗೌರವದ ನಡುವೆ ಒಂದು ಸಂಗತಿ ಮರೆತುಹೋಗುತ್ತದೆ. ಪೈಲ್ವಾನಿಕೆ ಒಂದು ವೃತ್ತಿ. ಅದಕ್ಕೆ ಬಂಡವಾಳ ಬೇಕು, ಅದರಿಂದ ಆದಾಯವಿದೆ, ಅದಕ್ಕೆ ನಿವೃತ್ತಿಯೂ ಇದೆ. ಅಮೆರಿಕದಲ್ಲಿ ಹೆಲ್ಮೆಟ್ ತೊಟ್ಟು ಎದುರಾಳಿಯನ್ನು ಹಿಡಿದು ಕೆಡವುವ ಫುಟ್‌ಬಾಲ್ ಆಟಗಾರನೂ ಮೈಯನ್ನೇ ದುಡಿಸಿ ಬದುಕುವವನು. ಅವನಿಗೆ ಬರಹದ ಕರಾರು, ಆಟಗಾರರ ಸಂಘ, ಪಿಂಚಣಿ ಎಲ್ಲವೂ ಇವೆ. ನಮ್ಮ ಪೈಲ್ವಾನನಿಗೆ ಇದ್ದದ್ದು ರಾಜರ ಕೃಪೆ, ಆಮೇಲೆ ಊರಿನ ಚಪ್ಪಾಳೆ.

ಮಹಾರಾಜರ ಆಸರೆ

ಈ ಸೀಮೆಯ ಹುಡುಗರು ಕೊಲ್ಲಾಪುರದ ದಾರಿ ಹಿಡಿದದ್ದಕ್ಕೆ ಕಾರಣ ಸರಳ. ನಿಪ್ಪಾಣಿ, ಯಕ್ಸಂಬಾದವರಿಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ, ಕಾಗವಾಡದವರಿಗೆ ಮಿರಜ, ಸಾಂಗಲಿ ಮಗ್ಗುಲಲ್ಲೇ ಇವೆ.

1894ರಲ್ಲಿ ಕೊಲ್ಲಾಪುರದ ಆಡಳಿತ ವಹಿಸಿಕೊಂಡ ಛತ್ರಪತಿ ಶಾಹೂ ಮಹಾರಾಜರು ಸ್ವತಃ ಕುಸ್ತಿ ಬಲ್ಲವರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ವಿಲಾಯತಿಗೆ ಹೋದಾಗ ಅವರು ರೋಮಿನ ಪ್ರಾಚೀನ ಮಲ್ಲರಂಗವನ್ನು ನೋಡಿದರು. ಅಂಥದೊಂದು ತಮ್ಮ ಊರಿನಲ್ಲೂ ಇರಬೇಕೆಂದು ಕಟ್ಟಿಸಿದ್ದೇ ಖಾಸಬಾಗ್ ಮೈದಾನ. ನಡುವೆ ಕೆಮ್ಮಣ್ಣಿನ ಕಣ, ಸುತ್ತಲೂ ಬಟ್ಟಲಿನಂತೆ ಏರುತ್ತ ಹೋಗುವ ಕೂಡುವ ಜಾಗ. ಎಲ್ಲಿ ಕುಳಿತರೂ ಕಣ ಕಾಣುತ್ತದೆ. 1912ರಲ್ಲಿ ಅದು ತೆರೆದಾಗ ಹೆಸರಾಂತ ಗಾಮಾನ ತಮ್ಮ ಇಮಾಮ್‌ಬಕ್ಷ್ ಅಲ್ಲಿ ಕುಸ್ತಿ ಆಡಿದ.

ಮಹಾರಾಜರು ಪೇಟೆಗಳಲ್ಲಿ ತಾಲೀಮುಗಳಿಗೆ ಆಸರೆ ಕೊಟ್ಟರು, ಉತ್ತರದ ಮಲ್ಲರನ್ನು ಕರೆಸಿಕೊಂಡರು, ಪೈಲ್ವಾನರಿಗೆ ಸಂಸ್ಥಾನದಿಂದ ಊಟದ ಖರ್ಚು ಕೊಡಿಸಿದರು. ಹೀಗೆ ಕುಸ್ತಿ ಹಬ್ಬದ ದಿನದ ಆಟದಿಂದ ವರ್ಷವಿಡೀ ಮಾಡುವ ಕಸುಬಾಯಿತು. ಮೋತಿಬಾಗ್, ಗಂಗಾವೇಸ್, ಶಾಹೂಪುರಿ ತಾಲೀಮುಗಳಿಗೆ ಸುತ್ತಲಿನ ಹಳ್ಳಿಗಳಿಂದ ಹುಡುಗರು ಬರತೊಡಗಿದರು. ಯಕ್ಸಂಬಾದ ಖಂಚನಾಳೆ ಪಳಗಿದ್ದು ಶಾಹೂಪುರಿಯಲ್ಲಿ.

ಖುರಾಕಿನ ಲೆಕ್ಕ

ತಾಲೀಮಿನ ದಿನ ನಸುಕಿಗೆ ಮುಂಚೆ ಶುರುವಾಗುತ್ತದೆ. ಮೊದಲು ದಂಡ, ಬೈಠಕ್. ನಂತರ ಕಣದ ಮಣ್ಣು ಅಗೆದು ಹದ ಮಾಡುವ ಕೆಲಸ. ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ಲಿಂಬೆರಸ ಬೆರೆಸುವುದು ವಾಡಿಕೆ. ಬಿದ್ದರೆ ಪೆಟ್ಟಾಗದಷ್ಟು ಮೆತ್ತಗೆ, ಕಾಲು ಊರಿದರೆ ಜಾರದಷ್ಟು ಬಿಗಿ ಇರಬೇಕು. ಆಮೇಲೆ ‘ಜೋರ್’, ಅಂದರೆ ಜೊತೆಗಾರರೊಂದಿಗೆ ಅಭ್ಯಾಸದ ಹಿಡಿತ. ವಸ್ತಾದರು ಕಣದ ಅಂಚಿನಲ್ಲಿ ನಿಂತು ಡಾವು ತಿದ್ದುತ್ತಾರೆ. ಸಂಜೆ ಮತ್ತೆ ಇದೇ ದುಡಿತ. ನೆಲಕ್ಕೆ, ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ ಮುದುಡಿದ ಕಿವಿ ಈ ಕಸುಬಿನ ಗುರುತು.

ದುಡಿತಕ್ಕೆ ತಕ್ಕ ಆಹಾರಕ್ಕೆ ‘ಖುರಾಕು’ ಎನ್ನುತ್ತಾರೆ. ಹಾಲು, ತುಪ್ಪ, ಬದಾಮಿ ಅರೆದ ಥಂಡಾಯಿ, ತತ್ತಿ, ಮಾಂಸ. ಸಾಮಾನ್ಯ ಮನೆಯ ಎಲ್ಲರ ಊಟದ ಖರ್ಚಿಗಿಂತ ಒಬ್ಬ ಪೈಲ್ವಾನನ ಖುರಾಕಿನ ಖರ್ಚು ಹೆಚ್ಚಾಗುವುದುಂಟು. ಮನೆಯವರು ಹೈನು ಮಾರದೆ ಮಗನಿಗೆ ಹಾಲು ಉಳಿಸುತ್ತಾರೆ, ಅಣ್ಣ ತಮ್ಮಂದಿರು ಹೊಲ ನೋಡಿಕೊಂಡು ಅವನನ್ನು ಕೆಲಸದಿಂದ ಬಿಡಿಸುತ್ತಾರೆ. ಹುಡುಗ ಹನ್ನೆರಡು ಹದಿಮೂರರ ವಯಸ್ಸಿಗೆ ತಾಲೀಮು ಸೇರಿದರೆ ಒಳ್ಳೆಯ ಇನಾಮು ಕೈಗೆ ಬರುವುದು ಎಂಟು ಹತ್ತು ವರ್ಷಗಳ ನಂತರ. ಅಲ್ಲಿಯವರೆಗೆ ಹಾಕಿದ ಬಂಡವಾಳವೆಲ್ಲ ಮನೆಯದು.

ಜಾತ್ರೆಯ ಜೋಡಿ

1949ರಲ್ಲಿ ಕೊಲ್ಲಾಪುರ ಸಂಸ್ಥಾನ ವಿಲೀನವಾದ ಮೇಲೆ ಪೈಲ್ವಾನನ ಭಾರ ಊರುಗಳ ಮೇಲೆ ಬಿತ್ತು. ಸುಗ್ಗಿ ಮುಗಿದು ಮಳೆ ಬೀಳುವ ತನಕ ಜಾತ್ರೆ, ಉರುಸುಗಳ ಸಾಲು. ದೇವರ ಪಲ್ಲಕ್ಕಿ ಎಷ್ಟು ಮುಖ್ಯವೋ ಕುಸ್ತಿಯೂ ಅಷ್ಟೇ ಮುಖ್ಯ. ಹಿರಿಯರು ಪಟ್ಟಿ ಎತ್ತುತ್ತಾರೆ, ವ್ಯಾಪಾರಸ್ಥರು ಕೈಜೋಡಿಸುತ್ತಾರೆ. ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಕೆಲವು ಕಾರ್ಖಾನೆಗಳೂ ಪೈಲ್ವಾನರಿಗೆ ನೆರವಾದವು.

ಮಧ್ಯಾಹ್ನ ಹಲಗೆಯ ಬಡಿತದೊಂದಿಗೆ ಚಿಕ್ಕ ಹುಡುಗರ ಕುಸ್ತಿ ಮೊದಲಾಗುತ್ತದೆ. ಗೆದ್ದವನಿಗೆ ತೆಂಗಿನಕಾಯಿ, ಚಿಲ್ಲರೆ ಹಣ. ಹೊತ್ತು ಇಳಿದಂತೆ ಇನಾಮು ಏರುತ್ತದೆ. ಕೊನೆಯದು ಒಂದನೇ ನಂಬರಿನ ಕುಸ್ತಿ. ಅದರ ಜೋಡಿಯನ್ನು ಮೊದಲೇ ಗೊತ್ತು ಮಾಡಿ ಗೋಡೆಗೆ ಹಾಳೆ ಅಂಟಿಸಿರುತ್ತಾರೆ. ಇಲ್ಲಿ ಅಂಕಗಳ ಲೆಕ್ಕವಿಲ್ಲ. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿ ಆತ ‘ಚಿತ್’ ಆದರೆ ಗೆಲುವು. ಗೆದ್ದವನಿಗೆ ನಗದು, ರುಮಾಲು, ಕೆಲವೆಡೆ ಬೆಳ್ಳಿಯ ಕಡಗ ಅಥವಾ ಗದೆ. ಆತ ಕಣದ ಸುತ್ತ ಬಂದಾಗ ಜನ ಮೆಚ್ಚಿ ಕೈಯಲ್ಲಿ ನೋಟು ಇಡುತ್ತಾರೆ. ಇದೇ ಅವನ ಸಂಬಳ. ಕೈ ಮುರಿದುಕೊಂಡರೆ, ಮೊಣಕಾಲು ತಿರುಚಿದರೆ ಆ ವರ್ಷದ ಜಾತ್ರೆಗಳೆಲ್ಲ ಹೋದವು.

ಮಣ್ಣು ಮತ್ತು ಚಾಪೆ

ಇದೇ ಪರಿಸರದಿಂದ ದೊಡ್ಡ ಹೆಸರುಗಳು ಬಂದವು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಪದಕ ಅದು. ಸಾಂಗಲಿ ಜಿಲ್ಲೆಯ ಕವಠೆಪಿರಾನ್‌ನ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, 1964ರಲ್ಲಿ ಹಿಂದ್ ಕೇಸರಿಯಾದರು.

ಆದರೆ ಒಲಿಂಪಿಕ್ಸ್ ನಡೆಯುವುದು ಚಾಪೆಯ ಮೇಲೆ. ಅಲ್ಲಿ ತೂಕದ ವಿಭಾಗಗಳಿವೆ, ಆರು ನಿಮಿಷದ ಅವಧಿ ಇದೆ, ಅಂಕಗಳಿವೆ. ಚುರುಕಾಗಿ ಅಂಕ ಗಳಿಸುವವನು ಗೆಲ್ಲುತ್ತಾನೆ. ಮಣ್ಣಿನಲ್ಲಿ ತಾಳ್ಮೆಯಿಂದ ಎದುರಾಳಿಯನ್ನು ದಣಿಸಿ ಚಿತ್ ಮಾಡುವ ವಿದ್ಯೆ ಅಲ್ಲಿ ಪೂರ್ತಿ ಸಾಗುವುದಿಲ್ಲ. ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಗಳ ಕ್ರೀಡಾ ಮೀಸಲಾತಿಯ ನೌಕರಿಗೆ ಬೇಕಾದದ್ದು ಚಾಪೆಯ ಮೇಲಿನ ಸ್ಪರ್ಧೆಗಳ ಪ್ರಮಾಣಪತ್ರ. ಜಾತ್ರೆಯಲ್ಲಿ ನೂರು ಕುಸ್ತಿ ಗೆದ್ದವನ ಕೈಯಲ್ಲಿ ಅಂಥ ಕಾಗದ ಇರುವುದಿಲ್ಲ. ಹೀಗಾಗಿ ಇಂದು ಒಂದೇ ಹುಡುಗ ಎರಡು ವಿದ್ಯೆ ಕಲಿಯಬೇಕಾಗಿದೆ. ಮಣ್ಣು ಇಂದಿನ ಖುರಾಕಿಗೆ, ಚಾಪೆ ನಾಳೆಯ ನೌಕರಿಗೆ.

ಮೂವತ್ತೈದರ ನಂತರ

ಪೈಲ್ವಾನನ ಒಳ್ಳೆಯ ಕಾಲ ಇಪ್ಪತ್ತರಿಂದ ಮೂವತ್ತೈದರವರೆಗೆ. ಆ ಮೇಲೆ ಮೈ ಕೇಳುವುದಿಲ್ಲ. ಹಿಂದ್ ಕೇಸರಿಯಂಥ ಬಿರುದು ಪಡೆದವರಿಗೆ ವಸ್ತಾದರ ಸ್ಥಾನ, ಸಮಾಜದ ಮನ್ನಣೆ ದೊರೆಯುತ್ತದೆ. ಖಂಚನಾಳೆಯವರು ಕೊಲ್ಲಾಪುರದಲ್ಲೇ ನೆಲೆಸಿ, 86ನೆಯ ವಯಸ್ಸಿನಲ್ಲಿ, 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥವರು ಬೆರಳೆಣಿಕೆಯಷ್ಟು. ಎರಡನೇ, ಮೂರನೇ ನಂಬರಿನ ಕುಸ್ತಿಗಳನ್ನು ಆಡಿಯೇ ವಯಸ್ಸು ಕಳೆದವರು ಹೊಲಕ್ಕೆ ಮರಳುತ್ತಾರೆ. ಹೊಲ ಇಲ್ಲದವರು ಕಾವಲುಗಾರಿಕೆಗೋ ಹಮಾಲಿಗೋ ಹೋಗುತ್ತಾರೆ. ಶಾಲೆ ಅರ್ಧಕ್ಕೆ ಬಿಟ್ಟಿದ್ದರೆ ಬೇರೆ ದಾರಿ ಕಡಿಮೆ. ಕರ್ನಾಟಕ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಆದರೆ ಅರ್ಜಿಯ ಜೊತೆ ಸಾಧನೆಯ ದಾಖಲೆ ತೋರಿಸಬೇಕಾದಾಗ ಹಳ್ಳಿಯ ಪೈಲ್ವಾನ ತೊಡಕಿಗೆ ಬೀಳುತ್ತಾನೆ. ಆತನ ಗೆಲುವುಗಳೆಲ್ಲ ಜನರ ನೆನಪಿನಲ್ಲಿವೆ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಜಾತ್ರೆ ಕಮಿಟಿಗಳು ಪ್ರತಿ ಕುಸ್ತಿಯನ್ನೂ ದಾಖಲಿಸಿ ಆಡಿದವನ ಕೈಗೆ ಸಹಿ ಮಾಡಿದ ಕಾಗದ ಕೊಡಬಹುದು. ಎತ್ತಿದ ಪಟ್ಟಿಯ ಒಂದು ಪಾಲನ್ನು ಅಂದಿನ ಪೈಲ್ವಾನರ ಅಪಘಾತ ವಿಮೆಗೆ ತೆಗೆದಿಡಬಹುದು. ಗರಡಿಗೆ ಬರುವ ಹುಡುಗ ಶಾಲೆಗೂ ಹೋಗುತ್ತಾನೆಯೇ ಎಂದು ವಸ್ತಾದರು ವಿಚಾರಿಸಬಹುದು. ಖುರಾಕಿನ ಭಾರವನ್ನು ಮನೆ ಹೊತ್ತಿದೆ, ಪೆಟ್ಟನ್ನು ಮೈ ಹೊತ್ತಿದೆ. ಕುಸ್ತಿಯ ಸಂತೋಷ ಪಡೆದ ಊರು ಇಷ್ಟನ್ನಾದರೂ ಹೊರಬೇಕಾಗುತ್ತದೆ.